ಹೆಜ್ಜೆಯಿಂದ ಹಿಮಾಲಯವನ್ನಳೆದ ಪಂಡಿತ ನೈನ್ ಸಿಂಗ್ ರಾವತ್

ಬದರೀಕ್ಷೇತ್ರದ ಯಾತ್ರೆಯನ್ನು ಕೈಗೊಂಡವರು ದೇವಾಲಯದಿಂದ ಮೂರು ಕಿಲೋಮೀಟರ್‌ಗಳಷ್ಟು ಮುಂದಿರುವ ಮಾಣಾ ಗ್ರಾಮಕ್ಕೆ ಹೋಗಿ, ವ್ಯಾಸಗುಹೆಯನ್ನು ದರ್ಶಿಸಿ, ಬಂಡೆಗಳ ನಡುವೆ ಭೋರ್ಗರೆಯುವ ಸರಸ್ವತಿಯನ್ನು ಕಂಡು ಹಿಂದಿರುಗುವುದು ವಾಡಿಕೆ. ಸಾಮಾನ್ಯ ಯಾತ್ರಿಕನಿಗೆ ದಾರಿ ಅಲ್ಲಿಗೆ ಮುಗಿಯುತ್ತದೆ. ಆದರೆ ಸರಸ್ವತಿಯ ಕಣಿವೆಯನ್ನೇ ಹಿಡಿದು ಮೇಲೇರುವ ಪುರಾತನ ಮಾರ್ಗವೊಂದು 18,000 ಅಡಿಗೂ ಮಿಕ್ಕ ಎತ್ತರದ ಮಾಣಾ ಘಾಟಿಯನ್ನು ದಾಟಿ ಟಿಬೆಟ್ಟಿನ ಕಡೆಗೆ ಇಳಿಯುತ್ತದೆ. 1867ರ ಜುಲೈ ತಿಂಗಳ ಕೊನೆಯಲ್ಲಿ ವ್ಯಾಪಾರಿಗಳ ವೇಷ ಧರಿಸಿದ್ದ ಒಂದು ಸಣ್ಣ ತಂಡವು ಈ ಘಾಟಿಯನ್ನು ದಾಟಿತು. ತಂಡದ ನಾಯಕರ ಕೈಯಲ್ಲಿ ಜಪಮಾಲೆಯಿತ್ತು. ಆದರೆ ಆ ಮಾಲೆಯಲ್ಲಿ ನೂರೆಂಟು ಮಣಿಗಳಿರಲಿಲ್ಲ. ಸರಿಯಾಗಿ ನೂರು ಮಣಿಗಳಿದ್ದವು. ನೂರು ಹೆಜ್ಜೆ ನಡೆದಾಗ ಒಂದು ಮಣಿ ಸರಿಯುತ್ತಿತ್ತು.

ಅವರೇ ಪಂಡಿತ ನೈನ್ ಸಿಂಗ್ ರಾವತ್. ಹಿಮಾಲಯದ ಆಚೆಗಿನ ಅತ್ಯುನ್ನತ ಪ್ರದೇಶಗಳಲ್ಲಿ ಅವರು ಮಾಡಿದ ಮೂರು ಮಹಾಪ್ರವಾಸಗಳು ಭೂಗೋಳಶಾಸ್ತ್ರದ ಇತಿಹಾಸದಲ್ಲಿ ಪ್ರಸಿದ್ಧವಾಗಿವೆ. ಇವುಗಳನ್ನು ಸಾಮಾನ್ಯವಾಗಿ ಮೂರು ಪ್ರತ್ಯೇಕ ಸಾಹಸಗಳೆಂದು ವರ್ಣಿಸಲಾಗುತ್ತದೆ. ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿದರೆ ಇವು ಒಂದೇ ದೀರ್ಘ ನಡಿಗೆಯ ಮೂರು ಭಾಗಗಳೆಂಬುದು ಮನದಟ್ಟಾಗುತ್ತದೆ. ಜೋಹಾರದ ವರ್ತಕರಿಗೆ ತಮ್ಮ ಘಾಟಿಯಿಂದ ಪಶ್ಚಿಮ ಟಿಬೆಟ್ಟಿನ ಸಂತೆಗಳವರೆಗಿನ ದಾರಿ ಗೊತ್ತಿತ್ತು. ನೇಪಾಳದ ವರ್ತಕರಿಗೆ ಲ್ಹಾಸಾದ ದಾರಿ ಗೊತ್ತಿತ್ತು. ಲಡಾಖಿಗಳಿಗೆ ತಮ್ಮದೇ ದಾರಿಯಿತ್ತು. ಒಬ್ಬೊಬ್ಬರ ದಾರಿಯೂ ತುಂಡುತುಂಡಾಗಿತ್ತು. ಆ ತುಂಡುಗಳನ್ನು ಅಳತೆಯ ಒಂದೇ ಎಳೆಯಲ್ಲಿ ಪೋಣಿಸಿದ ಮೊದಲಿಗರು ನೈನ್ ಸಿಂಗರು.

ಅವರು ಜನಿಸಿದ್ದು 1830ರ ಅಕ್ಟೋಬರ್ 21ರಂದು, ಕುಮಾವೂ ಪ್ರಾಂತದ ಜೋಹಾರ್ ಕಣಿವೆಯ ಮಿಲಮ್ ಗ್ರಾಮದ ಮನೆತನದಲ್ಲಿ. ತಂದೆ ಅಮರ್ ಸಿಂಗ್. ಮಿಲಮ್ ಸುಮಾರು 11,000 ಅಡಿ ಎತ್ತರದಲ್ಲಿರುವ ಊರು. ಬೇಸಗೆಯಲ್ಲಿ ಮಾತ್ರ ಅಲ್ಲಿ ವಾಸ. ಚಳಿಗಾಲಕ್ಕೆ ಜನರೆಲ್ಲರೂ ಕುರಿಮಂದೆಗಳೊಡನೆ ಕೆಳಗಿಳಿಯುತ್ತಿದ್ದರು. ಧಾನ್ಯ, ಬಟ್ಟೆಗಳನ್ನು ಕುರಿಗಳ ಮೇಲೆ ಹೇರಿಕೊಂಡು ಟಿಬೆಟ್ಟಿಗೆ ಹೋಗಿ ಉಪ್ಪು, ಉಣ್ಣೆ, ಟಂಕಣಗಳನ್ನು ತರುವುದು ಆ ಸಮುದಾಯದ ವೃತ್ತಿ. ಹೀಗಾಗಿ ಟಿಬೆಟನ್ ಭಾಷೆಯೂ ಅಲ್ಲಿಯ ಆಚಾರವ್ಯವಹಾರಗಳೂ ಬಾಲ್ಯದಲ್ಲಿಯೇ ಅವರಿಗೆ ಒಲಿದಿದ್ದವು. ಮನೆಯಲ್ಲಿ ಬಡತನವಿತ್ತು.

1855ರಿಂದ 1857ರವರೆಗೆ ಜರ್ಮನಿಯ ಶ್ಲಾಗಿಂಟ್ವೈಟ್ ಸಹೋದರರ ಹಿಮಾಲಯ ಸಂಶೋಧನೆಯಲ್ಲಿ ತರುಣ ನೈನ್ ಸಿಂಗರು ಸಹಾಯಕರಾಗಿ ದುಡಿದರು. ದಿಕ್ಸೂಚಿ, ಉಷ್ಣಮಾಪಕಗಳ ಪರಿಚಯ ಅವರಿಗೆ ಮೊದಲು ಆದದ್ದು ಅಲ್ಲಿ. ಅವರನ್ನು ಯುರೋಪಿಗೆ ಕರೆದೊಯ್ಯಬೇಕೆಂಬ ಅಪೇಕ್ಷೆ ಆ ಸಹೋದರರಿಗಿತ್ತು. ಆದರೆ ಅವರು ಊರಿಗೆ ಹಿಂದಿರುಗಿದರು. 1858ರಿಂದ ಮಿಲಮ್ಮಿನ ಸರ್ಕಾರಿ ಶಾಲೆಯಲ್ಲಿ ಉಪಾಧ್ಯಾಯರಾದರು. ಪಂಡಿತ ಎಂಬ ಉಪಪದ ಬಂದದ್ದು ಈ ಶಾಲಾ ಉಪಾಧ್ಯಾಯವೃತ್ತಿಯಿಂದಲೇ ಹೊರತು ಬೇರಾವ ಪರೀಕ್ಷೆಯಿಂದಲೂ ಅಲ್ಲ.

ಆ ಕಾಲದ ಸನ್ನಿವೇಶವನ್ನು ಸ್ವಲ್ಪ ಹೇಳಬೇಕು. ಮಹಾ ತ್ರಿಕೋನಮಾಪನ ಸರ್ವೇಕ್ಷಣೆಯು 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಲ್ಯಾಂಬ್ಟನ್ ಅಳೆದ ಆಧಾರರೇಖೆಯಿಂದ ಆರಂಭವಾಗಿ, ಬೆಂಗಳೂರಿನ ಬಯಲನ್ನೂ ಹಾದು, ಹಿಮಾಲಯದ ತಪ್ಪಲನ್ನು ಮುಟ್ಟಿತ್ತು. ಶಿಖರಗಳ ಎತ್ತರ ದೂರದಿಂದಲೇ ನಿರ್ಣಯವಾಗಿತ್ತು. ಶಿಖರಗಳ ಆಚೆಗೆ ಏನಿದೆ ಎಂಬುದು ಮಾತ್ರ ನಕ್ಷೆಯಲ್ಲಿ ಬಿಳಿಯ ಕಾಗದವಾಗಿಯೇ ಉಳಿದಿತ್ತು. ಟಿಬೆಟ್ಟಿನೊಳಕ್ಕೆ ಯುರೋಪಿಯನ್ನರಿಗೆ ಪ್ರವೇಶವಿರಲಿಲ್ಲ. ಆದ್ದರಿಂದ ಹಿಮಾಲಯದ ಜನರಿಗೇ ಅಳತೆಯ ವಿದ್ಯೆಯನ್ನು ಕಲಿಸಿ ಗುಪ್ತವಾಗಿ ಕಳುಹಿಸಬೇಕೆಂದು ಸರ್ವೇಕ್ಷಣೆಯ ಕ್ಯಾಪ್ಟನ್ ಮಾಂಟ್‌ಗೊಮರಿ ಯೋಜಿಸಿದರು. 1863ರಲ್ಲಿ ನೈನ್ ಸಿಂಗ್ ಮತ್ತು ಅವರ ದಾಯಾದಿ ಸೋದರ ಮಾಣಿ ಸಿಂಗ್ ಡೆಹರಾಡೂನಿಗೆ ಬಂದು ಶಿಕ್ಷಣಕ್ಕೆ ಸೇರಿದರು.

ಆ ಶಿಕ್ಷಣದ ಮೂಲಪಾಠ ನಡಿಗೆ. ಏರಿನಲ್ಲಾಗಲಿ ಇಳಿಜಾರಿನಲ್ಲಾಗಲಿ ಹೆಜ್ಜೆಯ ಉದ್ದ ಬದಲಾಗಬಾರದು. ಒಂದು ಮೈಲಿಗೆ ಸುಮಾರು 2,000 ಹೆಜ್ಜೆ, ಅಂದರೆ ಹೆಜ್ಜೆಯೊಂದಕ್ಕೆ ಎರಡೂವರೆ ಅಡಿಗಿಂತ ತುಸು ಹೆಚ್ಚು. ಮಾಲೆ ಒಂದು ಸುತ್ತು ಮುಗಿದರೆ 10,000 ಹೆಜ್ಜೆ, ಐದು ಮೈಲಿ. ಬೌದ್ಧರು ತಿರುಗಿಸುವ ಪ್ರಾರ್ಥನಾಚಕ್ರದೊಳಗೆ ಮಂತ್ರಪತ್ರದ ಬದಲು ದಿಕ್ಕು ಮತ್ತು ದೂರಗಳನ್ನು ಬರೆಯುವ ಕಾಗದದ ಸುರುಳಿ. ಪೆಟ್ಟಿಗೆಯ ಗುಪ್ತ ತಳದಲ್ಲಿ ಕೋನವನ್ನಳೆಯುವ ಸೆಕ್ಸ್‌ಟಂಟ್. ಟೊಳ್ಳು ಊರುಗೋಲಿನಲ್ಲಿ ಉಷ್ಣಮಾಪಕ. ಕವಡೆಗಳೊಳಗೆ ಪಾದರಸ. ಈ ಪಾದರಸವನ್ನು ಟಿಬೆಟ್ಟಿನ ಮರದ ಬಟ್ಟಲಿಗೆ ಸುರಿದರೆ ಅದರ ಮೈ ನಿಶ್ಚಲ ಕನ್ನಡಿಯಂತೆ ಸಮತಲವಾಗಿ ನಿಲ್ಲುತ್ತದೆ. ಸೂರ್ಯನನ್ನೋ ನಕ್ಷತ್ರವನ್ನೋ ಅದರ ಪ್ರತಿಬಿಂಬದೊಡನೆ ಹೋಲಿಸಿ ಉನ್ನತಿಯನ್ನಳೆದರೆ ಊರಿನ ಅಕ್ಷಾಂಶ ದೊರೆಯುತ್ತದೆ. ಎತ್ತರವನ್ನು ತಿಳಿಯಲು ನೀರನ್ನು ಕುದಿಸುವುದೇ ಉಪಾಯ. ಸಾವಿರ ಅಡಿ ಮೇಲೇರಿದಂತೆಲ್ಲ ಕುದಿಯುವ ಬಿಂದು ಸುಮಾರು ಒಂದು ಸೆಂಟಿಗ್ರೇಡ್ ಡಿಗ್ರಿಯಷ್ಟು ಇಳಿಯುತ್ತದೆ. ದಾರಿಬದಿಯಲ್ಲಿ ಚಹಾಕ್ಕೆ ನೀರಿಟ್ಟವನ ಮೇಲೆ ಯಾರಿಗೆ ತಾನೇ ಸಂಶಯ ಬಂದೀತು!

ಇಲ್ಲಿ ಒಂದು ಸೂಕ್ಷ್ಮವುಂಟು. ಅಕ್ಷಾಂಶದ ವೀಕ್ಷಣೆಯಿಂದ ಉತ್ತರ ದಕ್ಷಿಣದ ಅಂತರದಲ್ಲಿ ಆದ ತಪ್ಪನ್ನು ಹಿಡಿಯಬಹುದು. ಪೂರ್ವ ಪಶ್ಚಿಮದ ಅಂತರಕ್ಕೆ ಅಂತಹ ಪರೀಕ್ಷೆ ಅವರ ಬಳಿ ಇರಲಿಲ್ಲ. ಟಿಬೆಟ್ಟಿನ ಹೆದ್ದಾರಿಗಳೋ ಬಹುಮಟ್ಟಿಗೆ ಪೂರ್ವ ಪಶ್ಚಿಮವಾಗಿಯೇ ಹರಿದಿವೆ. ಅಂದಮೇಲೆ ಇಡೀ ನಕ್ಷೆಯು ಒಬ್ಬ ಮನುಷ್ಯನ ಹೆಜ್ಜೆಯ ಲೆಕ್ಕದ ಮೇಲೆ ನಿಂತಿತ್ತು. ದಣಿದ ದಿನ ಅಂದಾಜಿನಿಂದ ಸಾವಿರ ಹೆಜ್ಜೆ ಬರೆದುಬಿಟ್ಟಿದ್ದರೆ ಹಿಂದೆ ಬಂದು ಅಳೆಯುವವರು ಆಗ ಯಾರೂ ಇರಲಿಲ್ಲ.

1865ರ ಜನವರಿಯಲ್ಲಿ ಸೋದರರಿಬ್ಬರೂ ಡೆಹರಾಡೂನನ್ನು ಬಿಟ್ಟರು. ಕುಮಾವೂ ಕಡೆಯಿಂದ ಪ್ರವೇಶ ಸಾಧ್ಯವಾಗದೆ ನೇಪಾಳದ ದಾರಿ ಹಿಡಿದು ಮಾರ್ಚ್ ತಿಂಗಳಲ್ಲಿ ಕಾಠ್ಮಂಡುವನ್ನು ಸೇರಿದರು. ಕೀರೋಂಗ್ ಮಾರ್ಗದ ಗಡಿಯಲ್ಲಿ ಅಧಿಕಾರಿಗಳು ಪೆಟ್ಟಿಗೆಗಳನ್ನು ಶೋಧಿಸಿದರು. ಗುಪ್ತ ತಳ ಅವರ ಕಣ್ಣಿಗೆ ಬೀಳಲಿಲ್ಲ; ಆದರೂ ಮುಂದೆ ಬಿಡಲಿಲ್ಲ. ಮಾಣಿ ಸಿಂಗರ ಮುಖಪರಿಚಯ ಅಲ್ಲಿಯ ಅಧಿಪತಿಗಿದ್ದುದರಿಂದ ಅವರು ಬೇರೆ ದಿಕ್ಕು ಹಿಡಿಯಬೇಕಾಯಿತು. ನೈನ್ ಸಿಂಗರು ಜಡೆಯನ್ನು ಕಟ್ಟಿಕೊಂಡು ಲಡಾಖಿ ವರ್ತಕರಾಗಿ ವೇಷ ಬದಲಿಸಿ, ಜೂನ್ ತಿಂಗಳಲ್ಲಿ ಕಾಠ್ಮಂಡುವಿನಿಂದ ಮತ್ತೆ ಹೊರಟರು. ಲ್ಹಾಸಾಕ್ಕೆ ಹೋಗುವುದಿಲ್ಲವೆಂದೂ, ಹೋದರೆ ತಲೆದಂಡಕ್ಕೆ ಸಿದ್ಧವೆಂದೂ ಈ ಬಾರಿ ಬರೆದುಕೊಡಬೇಕಾಯಿತು. ಬರೆದುಕೊಟ್ಟರು.

ಸೆಪ್ಟೆಂಬರ್‌ನಲ್ಲಿ ತ್ಸಾಂಗ್‌ಪೋ ನದಿಯ ಸಮೀಪದ ತಾದೂಮ್ ಎಂಬ ಮಠದ ಊರನ್ನು ಸೇರಿ, ಅಸ್ವಸ್ಥರೆಂದು ನಟಿಸಿ ಅಲ್ಲಿಯೇ ತಂಗಿದರು. ಲ್ಹಾಸಾಕ್ಕೆ ಹೊರಟಿದ್ದ ಲಡಾಖಿನ ವರ್ತಕರ ದೊಡ್ಡ ತಂಡವೊಂದು ಅಕ್ಟೋಬರ್‌ನಲ್ಲಿ ಆ ದಾರಿಯಾಗಿ ಬಂದಾಗ ಅದರೊಡನೆ ಸೇರಿಕೊಂಡರು. ಜೊತೆಯವರ ಹರಟೆಯಿಂದ ತಪ್ಪಿಸಿಕೊಂಡು ಎಣಿಕೆ ಕೆಡದಂತೆ ನಡೆಯುವುದೇ ಪ್ರಯಾಸ. ಮಾಲೆ ಹಿಡಿದು ತುಟಿಯಾಡಿಸುತ್ತ ನಡೆಯುವವನನ್ನು ಮಾತನಾಡಿಸಬಾರದೆಂಬ ಬೌದ್ಧರ ಸದಾಚಾರವೇ ಅವರಿಗೆ ರಕ್ಷಣೆಯಾಯಿತು.

ಅಕ್ಟೋಬರ್ ಕೊನೆಯಲ್ಲಿ ಶಿಗಾತ್ಸೆ ತಲುಪಿದರು. ತಾಶಿಲ್ಹುನ್‌ಪೋ ಮಠದ ಪಂಚೆನ್ ಲಾಮಾ ಅವರ ದರ್ಶನಕ್ಕೆ ವರ್ತಕರೆಲ್ಲರೂ ಹೊರಟಾಗ ತಪ್ಪಿಸಿಕೊಳ್ಳುವಂತಿರಲಿಲ್ಲ. ಎದುರಿಗೆ ಬಂದವರ ಅಂತರಂಗವನ್ನು ಆ ಮಹಾಲಾಮಾ ಅರಿಯಬಲ್ಲರೆಂಬ ನಂಬಿಕೆ ಜನರಲ್ಲಿತ್ತು. ನೈನ್ ಸಿಂಗರಿಗೂ ಒಳಗೊಳಗೇ ನಡುಕವಿತ್ತು. ಪೀಠದಲ್ಲಿ ಕುಳಿತಿದ್ದವರು ಹನ್ನೊಂದು ವರ್ಷದ ಬಾಲಕ! ಎಲ್ಲರಿಗೂ ಕೇಳುವಂತೆ ಅವರಿಗೂ ರಾಜನ ಕ್ಷೇಮ, ನಾಡಿನ ಸುಭಿಕ್ಷ, ದೇಹಾರೋಗ್ಯ ಈ ಮೂರನ್ನು ವಿಚಾರಿಸಿ, ರೇಷ್ಮೆಯ ವಸ್ತ್ರವನ್ನಿತ್ತು ಕಳುಹಿಸಿಕೊಟ್ಟರು. ಕೈಯಲ್ಲಿದ್ದ ಹಣ ಕರಗಿದ್ದುದರಿಂದ ನೈನ್ ಸಿಂಗರು ಅಲ್ಲಿ ನೇಪಾಳಿ ವರ್ತಕರಿಗೆ ಲೆಕ್ಕಪತ್ರ ಬರೆಯುವ ಕ್ರಮವನ್ನು ಕಲಿಸಿ ಸಂಪಾದಿಸಿದರು.

1866ರ ಜನವರಿ 10ರಂದು ಲ್ಹಾಸಾ ಪ್ರವೇಶ. ಅಲ್ಲಿ ಸುಮಾರು ಮೂರು ತಿಂಗಳುಗಳಿಗೂ ಹೆಚ್ಚು ಕಾಲ ಇದ್ದರು. ಬಾಲಕರೇ ಆಗಿದ್ದ ದಲೈ ಲಾಮಾ ಅವರ ದರ್ಶನವನ್ನೂ ಪಡೆದರು. ಸೂರ್ಯ ಮತ್ತು ನಕ್ಷತ್ರಗಳನ್ನು ಕದ್ದುಮುಚ್ಚಿ ಅಳೆದು ಅವರು ನಿರ್ಣಯಿಸಿದ ಲ್ಹಾಸಾದ ಅಕ್ಷಾಂಶ 29 ಡಿಗ್ರಿ 39 ಮಿನಿಟು 17 ಸೆಕೆಂಡು. ಇಂದಿನ ಉಪಕರಣಗಳಿಂದಲೂ ಆ ನಗರದ ಅಕ್ಷಾಂಶ 29 ಡಿಗ್ರಿ 39 ಮಿನಿಟುಗಳೇ. ನೀರು ಕುದಿಸಿ ಕಂಡ ಎತ್ತರ 11,700 ಅಡಿ. ನಿಜವಾದ ಎತ್ತರ ಸುಮಾರು 12,000 ಅಡಿ. ಬಟ್ಟಲು, ಪಾದರಸ, ಒಂದು ಪಾತ್ರೆ ನೀರು ಇಷ್ಟರಿಂದ ಇದಕ್ಕಿಂತ ಹೆಚ್ಚಿನದನ್ನು ಯಾವ ಇಂಜಿನಿಯರನೂ ಕೇಳಲಾರ.

ಆದರೆ ಲ್ಹಾಸಾದ ಬೀದಿಯಲ್ಲಿ ಒಂದು ದಿನ ಅವರ ಕಣ್ಣಿಗೆ ಬಿದ್ದವರು ಕೀರೋಂಗಿನ ಆ ಅಧಿಪತಿ. ತಲೆದಂಡದ ಪತ್ರ ಯಾರಿಗೆ ಸಂಬಂಧಿಸಿತ್ತೋ ಅವರೇ. ಅನುಮತಿಯಿಲ್ಲದೆ ಬಂದ ಚೀನೀಯನೊಬ್ಬನ ಶಿರಚ್ಛೇದನವನ್ನೂ ಅವರು ಅಲ್ಲಿ ಕಂಡರು. ಇಬ್ಬರು ಕಾಶ್ಮೀರಿ ಮುಸಲ್ಮಾನ ವರ್ತಕರು ಅವರ ವೇಷವನ್ನು ಗುರುತಿಸಿಯೂ ಬಿಟ್ಟಿದ್ದರು. ಒಂದು ಮಾತು ಸಾಕಾಗಿತ್ತು. ಅವರು ಆ ಮಾತನ್ನು ಆಡಲಿಲ್ಲ; ಅದರ ಬದಲು ಹಣವನ್ನು ಸಾಲ ಕೊಟ್ಟರು. ನೈನ್ ಸಿಂಗರು ವಸತಿಯನ್ನು ಬದಲಿಸಿ, ಬಹಿರಂಗವಾಗಿ ಕಾಣಿಸಿಕೊಳ್ಳುವುದನ್ನು ಬಿಟ್ಟು, ಏಪ್ರಿಲ್ 21ರಂದು ಲಡಾಖಿ ವರ್ತಕರ ಜೊತೆ ಮರಳಿ ಹೊರಟರು. ಜೂನ್‌ನಲ್ಲಿ ಮಾನಸ ಸರೋವರ, ಅಕ್ಟೋಬರ್ 27ರಂದು ಡೆಹರಾಡೂನಿನ ಕಛೇರಿ. ಸುಮಾರು 1,200 ಮೈಲಿ, 25 ಲಕ್ಷದಷ್ಟು ಹೆಜ್ಜೆ. ಮಾನಸದ ಸಮೀಪದಿಂದ ಲ್ಹಾಸಾ ಪ್ರಾಂತದವರೆಗೆ ತ್ಸಾಂಗ್‌ಪೋ ಮಹಾನದಿಯ ಹರಿವು ಮೊದಲ ಬಾರಿಗೆ ಅಳತೆಯ ನಕ್ಷೆಯಲ್ಲಿ ಮೂಡಿತು.

ಮರುವರ್ಷದ್ದೇ ಬದರಿಯ ದಾರಿ. ಈ ಸಲ ಮಾಣಿ ಸಿಂಗ್ ಮತ್ತು ಕಲ್ಯಾಣ್ ಸಿಂಗ್ ಜೊತೆಗಿದ್ದರು. ಮಾಣಾ ಘಾಟಿಯ ಹಿಮ ಕರಗುವವರೆಗೆ ಕಾಯ್ದು, ದಾಟಿ, ಟೋಟ್ಲಿಂಗ್ ಎಂಬಲ್ಲಿ ಶತದ್ರು ನದಿಯನ್ನು ಕಬ್ಬಿಣದ ಸರಪಳಿ ಸೇತುವೆಯ ಮೇಲೆ ದಾಟಿದರು. 76 ಅಡಿ ಉದ್ದ, 7 ಅಡಿ ಅಗಲ, ನೀರಿನಿಂದ 40 ಅಡಿ ಎತ್ತರ. ಸರಪಳಿಯ ಕೊಂಡಿಗಳು ಇಂಗ್ಲಿಷ್ ಅಂಕಿ ಎಂಟರ ಆಕಾರದವು. ಅಲೆಗ್ಸಾಂಡರನೇ ಕಟ್ಟಿಸಿದ್ದೆಂದು ಸ್ಥಳೀಯರ ಐತಿಹ್ಯ! ತುಕ್ಕು ಹಿಡಿಯದಿರಲು ವರ್ಷಕ್ಕೊಮ್ಮೆ ಬೆಣ್ಣೆ ಸವರುತ್ತಿದ್ದರಂತೆ. ಬಣ್ಣ ಬಳಿದು ಸೇತುವೆ ಕಾಯುವವರಿಗೆ ಇದು ಸ್ವಾರಸ್ಯದ ಸಂಗತಿ.

ಅಲ್ಲಿಂದ ಈಶಾನ್ಯಕ್ಕೆ, ಥೋಕ್ ಜಾಲುಂಗ್ ಎಂಬ ಚಿನ್ನದ ಗಣಿಯ ಕಡೆಗೆ. ಅನುಮಾನಗೊಂಡ ಗ್ರಾಮಾಧಿಕಾರಿಯೊಬ್ಬ ಮಾಣಿ ಸಿಂಗರನ್ನು ಒತ್ತೆಯಾಗಿ ಇರಿಸಿಕೊಂಡ ಮೇಲೆಯೇ ನೈನ್ ಸಿಂಗರನ್ನು ಮುಂದೆ ಬಿಟ್ಟ. ಗಣಿಯ ಎತ್ತರ 16,000 ಅಡಿಗೂ ಹೆಚ್ಚೆಂದು ಉಷ್ಣಮಾಪಕ ತೋರಿಸಿತು. ಗಾಳಿಯ ಭಯಂಕರ ಶೀತಕ್ಕೆ ಅಂಜಿ ಗಣಿಗಾರರು ಏಳೆಂಟು ಅಡಿ ಆಳದ ಗುಂಡಿಗಳಲ್ಲಿ ಚಮರೀಮೃಗದ ಕೂದಲಿನ ಡೇರೆಗಳನ್ನು ಹೂಡಿದ್ದರು. ಮೊಣಕಾಲು ಮೊಣಕೈಗಳನ್ನೂರಿ, ತಲೆ ಬಗ್ಗಿಸಿ, ಮುದುಡಿಕೊಂಡೇ ನಿದ್ರಿಸುತ್ತಿದ್ದರು. ಹೀಗಿದ್ದೂ ಅವರು ಹಾಡುತ್ತ ಅಗೆಯುತ್ತಿದ್ದುದನ್ನು ಪಂಡಿತರು ಗಮನಿಸಿದ್ದಾರೆ. ಅಲ್ಲಿಯ ಮುಖ್ಯಸ್ಥನಿಗೆ ಅವರ ಪೆಟ್ಟಿಗೆಯ ಮೇಲೆ ಕಣ್ಣುಬಿತ್ತು. ಒಳ್ಳೆಯ ತಂಬಾಕಿನ ಕಾಣಿಕೆಯಿಂದ ಪ್ರಸಂಗ ತಿಳಿಯಾಯಿತು. ಈ ಯಾತ್ರೆಯಲ್ಲಿ ಸಿಂಧೂ ನದಿಯ ಪೂರ್ವದ ಕವಲು ನಕ್ಷೆಗೆ ಬಂತು. ಸಿಂಧು, ಶತದ್ರು, ತ್ಸಾಂಗ್‌ಪೋ ಮೂರೂ ಒಬ್ಬರದೇ ಹೆಜ್ಜೆಯ ಅಳತೆಗೆ ಒಳಪಟ್ಟಂತಾಯಿತು. 1868ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಾಫಿಕಲ್ ಸೊಸೈಟಿಯು ಅವರಿಗೆ ಚಿನ್ನದ ಗಡಿಯಾರವನ್ನಿತ್ತಿತು.

ಮುಂದಿನ ಕೆಲವು ವರ್ಷಗಳು ಬಹುಪಾಲು ಹೊಸಬರ ಶಿಕ್ಷಣದಲ್ಲಿ ಕಳೆದವು. 1873ರಲ್ಲಿ ಯಾರ್ಕಂದಕ್ಕೆ ಹೊರಟ ಫೋರ್ಸಿತ್ ನಿಯೋಗದಲ್ಲಿಯೂ ಅವರಿದ್ದರು.

ಕೊನೆಯ ಮಹಾಪ್ರವಾಸ ಆರಂಭವಾದದ್ದು 1874ರ ಜುಲೈ 15ರಂದು, ಲೇಹ್ ನಗರದಿಂದ. ವಯಸ್ಸು ನಲವತ್ತಮೂರು ದಾಟಿತ್ತು. ಈ ಸಾರಿ ಲಾಮಾ ವೇಷ. ಸಾಮಾನು ಹೊರಲು 26 ಕುರಿಗಳು. ಪಾಂಗೋಂಗ್ ಸರೋವರವನ್ನು ಬಳಸಿ ಚಾಂಗ್‌ತಾಂಗ್ ಪ್ರಸ್ಥಭೂಮಿಯನ್ನು ಪಶ್ಚಿಮದಿಂದ ಪೂರ್ವಕ್ಕೆ ಸೀಳಿಕೊಂಡು ಹೊರಟರು. ಹದಿನಾಲ್ಕು ಹದಿನೈದು ಸಾವಿರ ಅಡಿಗಳ ಎತ್ತರದಲ್ಲಿ ಹುಲ್ಲುಗಾವಲು, ಉಪ್ಪುನೀರಿನ ಸರೋವರಗಳ ಸಾಲು, ವಿರಳವಾಗಿ ಅಲೆಮಾರಿಗಳ ಡೇರೆ. ಹೊರಗಿನ ಲೋಕಕ್ಕೆ ಈ ದಾರಿಯ ಬಹುಭಾಗದ ಹೆಸರೂ ತಿಳಿದಿರಲಿಲ್ಲ. ಕುರಿಗಳು ತಲಾ ಇಪ್ಪತ್ತು ಪೌಂಡುಗಳಿಗೂ ಹೆಚ್ಚಿನ ಹೊರೆಯನ್ನು ಹೊತ್ತು, ದಾರಿಬದಿಯ ಹುಲ್ಲನ್ನಷ್ಟೇ ಮೇಯ್ದು ಸಾಗಿದವು. ಸುಮಾರು ಸಾವಿರ ಮೈಲಿ ನಡೆದು ಉಳಿದವು ನಾಲ್ಕೈದು ಮಾತ್ರ. ಟೆಂಗ್ರಿ ನೋರ್ ಎಂಬ ಮಹಾಸರೋವರದ ತೀರವನ್ನು ಅಳೆದು ನವೆಂಬರ್ 18ರಂದು ಅವರು ಮತ್ತೆ ಲ್ಹಾಸಾವನ್ನು ಮುಟ್ಟಿದರು.

ಎಂಟು ವರ್ಷಗಳ ಹಿಂದೆ ದಕ್ಷಿಣದ ದಾರಿಯಿಂದ ಬಂದು ನಿಂತ ಸ್ಥಾನಕ್ಕೇ ಈಗ ಉತ್ತರದ ದಾರಿಯಿಂದ ಬಂದು ನಿಂತದ್ದಾಯಿತು. ಎರಡು ಎಳೆಗಳು ಒಂದೇ ಗಂಟಿನಲ್ಲಿ ಕೂಡಿದವು. ಅಳತೆಯ ಭಾಷೆಯಲ್ಲಿ ಹೇಳುವುದಾದರೆ, ತೆರೆದುಬಿಟ್ಟಿದ್ದ ರೇಖೆಗೆ ಈಗ ಪರೀಕ್ಷೆಯ ಅವಕಾಶ ದೊರೆಯಿತು.

ಲ್ಹಾಸಾದಿಂದ ಉತ್ತರಕ್ಕೆ ಹೋಗಿ ಪೆಕಿಂಗ್ ನಗರದವರೆಗೂ ನಡೆಯಬೇಕೆಂಬ ಯೋಜನೆಯಿತ್ತು. ಅದು ಕೈಗೂಡಲಿಲ್ಲ. ನಿರೀಕ್ಷಿಸಿದ್ದ ಸಾಮಗ್ರಿ ಬಂದು ಸೇರಲಿಲ್ಲ. ಪರಿಚಯದ ಲೇಹ್ ವರ್ತಕನೊಬ್ಬ ನಗರದಲ್ಲಿದ್ದಾನೆಂಬುದು ತಿಳಿಯಿತು. ಎರಡೇ ದಿನಗಳಲ್ಲಿ ನಗರವನ್ನು ಬಿಡಲು ನಿಶ್ಚಯಿಸಿದರು. ತಾವು ಸಿಕ್ಕಿಬಿದ್ದರೂ ಅಳತೆ ಉಳಿಯಬೇಕೆಂದು, ಅದುವರೆಗಿನ ವೀಕ್ಷಣೆಗಳ ಕಾಗದಗಳನ್ನೆಲ್ಲ ಇಬ್ಬರು ನಂಬಿಗಸ್ತರ ಕೈಯಲ್ಲಿ ಲೇಹ್‌ಗೆ ಕಳುಹಿಸಿದರು. ಅವರು 1875ರ ಜನವರಿಯಲ್ಲಿ ಕ್ಷೇಮವಾಗಿ ಲೇಹ್ ತಲುಪಿ ಅವುಗಳನ್ನು ಒಪ್ಪಿಸಿದರು. ಈ ಇಬ್ಬರ ನಡಿಗೆಯನ್ನು ಯಾರೂ ಹೆಚ್ಚಾಗಿ ಸ್ಮರಿಸುವುದಿಲ್ಲವೆಂಬುದು ವಿಷಾದದ ಸಂಗತಿ.

ನೈನ್ ಸಿಂಗರು ಮೊದಲಿಗೆ ಉತ್ತರದ ಕಡೆಗೆ ಹೊರಟಂತೆ ತೋರಿಸಿ, ಕತ್ತಲಾದ ಮೇಲೆ ದಕ್ಷಿಣಕ್ಕೆ ತಿರುಗಿದರು. ತ್ಸಾಂಗ್‌ಪೋವನ್ನು ತಾವು ಹಿಂದೆ ಕಂಡಿದ್ದಕ್ಕಿಂತ ಸುಮಾರು ಮೂವತ್ತು ಮೈಲಿ ಮುಂದಕ್ಕೆ ಅನುಸರಿಸಿ, ಚೇತಾಂಗ್ ಬಳಿ ಅದರ ಅಗಲ, ಆಳ, ವೇಗಗಳನ್ನು ಅಂದಾಜು ಮಾಡಿದರು. ನದಿ ಪೂರ್ವಕ್ಕೆ ಹರಿದು ಪರ್ವತಗಳ ಮರೆಗೆ ಹೋಗುತ್ತಿತ್ತು. ಅದು ಬ್ರಹ್ಮಪುತ್ರವೋ, ಬರ್ಮಾದ ಐರಾವತಿಯೋ ಎಂದು ಯುರೋಪಿನ ಪಂಡಿತರು ಆಗ ವಾದಿಸುತ್ತಿದ್ದರು. ನೈನ್ ಸಿಂಗರ ಅಳತೆ ಬ್ರಹ್ಮಪುತ್ರದ ಪಕ್ಷಕ್ಕೆ ಬಲ ನೀಡಿತು.

ಡಿಸೆಂಬರ್ 24ರಂದು ತವಾಂಗ್. ಅಲ್ಲಿಯ ಅಧಿಕಾರಿಗಳು ಅವರನ್ನು ಫೆಬ್ರವರಿ 17ರವರೆಗೆ ಹಿಡಿದಿರಿಸಿದರು. ಬಿಡುಗಡೆಯಾಗಿ ಮಾರ್ಚ್ 1ರಂದು ಅಸ್ಸಾಮಿನ ಉದಾಲಗುರಿಯನ್ನು ಸೇರಿದರು. ಲೇಹ್‌ನಿಂದ ಅಲ್ಲಿಗೆ 1,300 ಮೈಲಿಗೂ ಹೆಚ್ಚು. ಅದರಲ್ಲಿ ಸುಮಾರು 1,200 ಮೈಲಿ ಅದುವರೆಗೆ ಯಾವ ಸರ್ವೇಕ್ಷಕನೂ ತುಳಿಯದ ನೆಲ. ಹೊರಟ ಲೇಹ್ ಮತ್ತು ಇಳಿದ ಅಸ್ಸಾಂ ಎರಡೂ ಸರ್ವೇಕ್ಷಣೆ ಮೊದಲೇ ನಿರ್ಣಯಿಸಿದ್ದ ಸ್ಥಾನಗಳು. ಹತ್ತು ವರ್ಷಗಳ ನಡಿಗೆಯ ಲೆಕ್ಕ ಎರಡು ತುದಿಗಳಲ್ಲಿಯೂ ಗಟ್ಟಿಯಾದ ಗೂಟಕ್ಕೆ ಕಟ್ಟಲ್ಪಟ್ಟಿತು. ಕ್ಯಾಪ್ಟನ್ ಟ್ರಾಟರ್ ಈ ವೀಕ್ಷಣೆಗಳನ್ನು ಗಣಿಸಿ ವರದಿಯನ್ನು ಸಿದ್ಧಪಡಿಸಿದರು. ಹೆಜ್ಜೆ ನಂಬಿಕೆಗೆ ಯೋಗ್ಯವಾಗಿತ್ತು.

ದೇಹ ಮಾತ್ರ ಬಳಲಿತ್ತು. ಹಿಮದ ಬೆಳಕಿಗೂ ನಿರಂತರ ವೀಕ್ಷಣೆಗೂ ಕಣ್ಣುಗಳು ಸೊರಗಿದ್ದವು. ಮತ್ತೆ ದೀರ್ಘ ಪ್ರವಾಸವನ್ನು ಅವರು ಕೈಗೊಳ್ಳಲಿಲ್ಲ. 1877ರಲ್ಲಿ ರಾಯಲ್ ಜಿಯಾಗ್ರಾಫಿಕಲ್ ಸೊಸೈಟಿಯು ಸ್ವರ್ಣಪದಕವನ್ನು ನೀಡಿ ಗೌರವಿಸಿತು. ಸಿ.ಐ.ಇ. ಪದವಿಯೂ ರೋಹಿಲಖಂಡದಲ್ಲಿ ಒಂದು ಗ್ರಾಮದ ಜಹಗೀರೂ ದೊರೆತವು. ಈ ಗೌರವಕ್ಕೆ ಮೊದಲು ಅನೇಕ ವರ್ಷ ವರದಿಗಳಲ್ಲಿ ಅವರಿಗೆ ಹೆಸರೇ ಇರಲಿಲ್ಲ. ಅವರು ಬರಿಯ ಪಂಡಿತ, ಅಥವಾ ಒಂದನೆಯ ಸಂಖ್ಯೆ. ಗುಪ್ತಕಾರ್ಯಕ್ಕೆ ಅದು ಅಗತ್ಯವೇ ಆಗಿದ್ದರೂ, ನಕ್ಷೆಯ ಕೀರ್ತಿ ಬಹುಕಾಲ ಡೆಹರಾಡೂನಿನ ಮೇಜಿನ ಮುಂದೆ ಕುಳಿತವರಿಗೇ ಸಂದಿತೆಂಬುದನ್ನು ಮುಚ್ಚಿಡಬೇಕಿಲ್ಲ. ಆ ನಕ್ಷೆ ಪರಕೀಯ ಆಳ್ವಿಕೆಯ ಪ್ರಯೋಜನಕ್ಕೇ ಸಿದ್ಧವಾದದ್ದೆಂಬುದೂ ನಿಜ.

ತಮ್ಮ ವಿದ್ಯೆಯನ್ನು ಅವರು ಸೋದರಬಂಧು ಕಿಶನ್ ಸಿಂಗರಿಗೆ ಧಾರೆಯೆರೆದರು. 1878ರಿಂದ 1882ರವರೆಗೆ ಲ್ಹಾಸಾದಿಂದ ಉತ್ತರಕ್ಕೆ, ಗುರುಗಳಿಗೆ ಹೋಗಲಾಗದ ದಿಕ್ಕಿನಲ್ಲಿ, ಕಿಶನ್ ಸಿಂಗರು ಗೋಬಿ ಮರುಭೂಮಿಯ ಅಂಚಿನವರೆಗೆ ನಡೆದರು. ಶಿಷ್ಯರು ಹಿಂದಿರುಗುವುದನ್ನು ಕಾಣುವ ಯೋಗ ನೈನ್ ಸಿಂಗರಿಗೆ ಇರಲಿಲ್ಲ. 1882ರ ಫೆಬ್ರವರಿ 1ರಂದು ಹೃದಯಾಘಾತದಿಂದ ಅವರ ದೇಹಾಂತ್ಯವಾಯಿತು.

ಭಾರತೀಯ ಅಂಚೆ ಇಲಾಖೆಯು 2004ರ ಜೂನ್ 27ರಂದು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಅಷ್ಟರಲ್ಲಿ ಮಿಲಮ್ ಬಹುಮಟ್ಟಿಗೆ ಬರಿದಾಗಿತ್ತು. 1962ರ ಯುದ್ಧದೊಡನೆ ಟಿಬೆಟ್ಟಿನ ವ್ಯಾಪಾರ ನಿಂತುಹೋಗಿ, ಜೋಹಾರಿನ ಕುಟುಂಬಗಳು ಕೆಳಗಿನ ಊರುಗಳಲ್ಲಿ ನೆಲೆಸಿದವು. ಅಲ್ಲಿಯ ಕಲ್ಲಿನ ಮನೆಗಳಲ್ಲಿ ಹೆಚ್ಚಿನವು ಮಾಡು ಕುಸಿದು ನಿಂತಿವೆ.